ಬಿಕಾಂ ಮುಗೀತು, ಮುಂದೆ ಕೋಚಿಂಗಾ, ಕೆಲಸಾನಾ?

ಪ್ರಶ್ನೆ: ಈ ವರ್ಷ ಬಿಕಾಂ ಮುಗಿಸಿದ್ದೇನೆ. ದಾವಣಗೆರೆ ಹತ್ತಿರದ ಹಳ್ಳಿ ನಮ್ಮದು. ನಾನು ಧಾರವಾಡದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ ಹುದ್ದೆ), ಬ್ಯಾಂಕ್ ಪರೀಕ್ಷೆಗೆ ಓದಲಿ ಅಂತ ಅಪ್ಪನ ಆಸೆ. ಇತ್ತ ಪೇಟೆಯ ಆಡಿಟರ್ ಒಬ್ಬರು ಹತ್ತು ಸಾವಿರಕ್ಕೆ ಬಾ ಅಂದಿದ್ದಾರೆ. ಇದೇ ದಾರೀಲಿ ಹೋದವರು ಸ್ವಲ್ಪ ಹೇಳಿ.

ಉತ್ತರ 1: ನಾನು ಎರಡೂ ಮಾಡಿದ್ದೇನೆ ತಮ್ಮಾ, ಆದರೆ ಹಿಂದುಮುಂದಾಗಿ. ಡಿಗ್ರಿ ಮುಗಿದ ಕೂಡಲೇ ಧಾರವಾಡದ ಸಪ್ತಾಪುರದಲ್ಲಿ ರೂಮ್ ಹಿಡಿದೆ. ಒಂದು ವರ್ಷ ಅಂತ ಹೋದವನು ಮೂರು ವರ್ಷ ಕೂತೆ. ಓದಲಿಲ್ಲ ಅಂತಲ್ಲ. "ಮುಂದಿನ ತಿಂಗಳು ನೋಟಿಫಿಕೇಶನ್ ಬರುತ್ತಂತೆ" ಅನ್ನೋ ಮಾತಿನಲ್ಲೇ ಆರು ತಿಂಗಳು ಕಳೆದುಹೋಗುತ್ತದೆ. "ಏನಾಯ್ತಪ್ಪಾ?" ಅಂತ ಕೇಳುತ್ತಾರೆ ಅಂತ ಒಂದು ವರ್ಷ ದೀಪಾವಳಿಗೂ ಊರಿಗೆ ಹೋಗಲಿಲ್ಲ.

ಆಮೇಲೆ ಆಡಿಟರ್ ಆಫೀಸು ಸೇರಿದೆ, ಎಂಟು ಸಾವಿರಕ್ಕೆ. ಮೊದಲ ವಾರವೇ ಹಾರ್ಡ್‌ವೇರ್ ಅಂಗಡಿಯವರೊಬ್ಬರು ವರ್ಷದ ಬಿಲ್ಲುಗಳನ್ನೆಲ್ಲ ಅಕ್ಕಿ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿದರು. ಅರ್ಧಕ್ಕರ್ಧ ಅಕ್ಷರವೇ ಮಾಸಿತ್ತು. ಪೆಟ್ರೋಲ್ ಬಂಕಿನಲ್ಲಿ ಕೊಡುತ್ತಾರಲ್ಲ, ಆ ನುಣುಪು ಕಾಗದ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ಒಂದೊಂದೇ ಓದಿದೆ. ಖರೀದಿ ಬಿಲ್ ನಮ್ಮ ಕೈಯಲ್ಲಿದ್ದರೂ, ಮಾರಿದವನು ತನ್ನ ಜಿಎಸ್‌ಟಿಆರ್-1ರಲ್ಲಿ, ಅಂದರೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿ ರಿಟರ್ನ್‌ನಲ್ಲಿ, ಅದನ್ನು ತೋರಿಸದಿದ್ದರೆ ಅಂಗಡಿಯವರಿಗೆ ಇನ್‌ಪುಟ್ (ಖರೀದಿಗೆ ಕಟ್ಟಿದ ತೆರಿಗೆಯ ವಜಾ) ಸಿಗುವುದಿಲ್ಲ ಅಂತ ಗೊತ್ತಾಗಿದ್ದೂ ಅಲ್ಲೇ. ಆ ಮಾರಿದವನಿಗೆ ಫೋನ್ ಹಚ್ಚಿ, ಜಗಳ ಆಗದ ಹಾಗೆ ಕೆಲಸ ಮಾಡಿಸಿಕೊಳ್ಳೋದು ಇನ್ನೊಂದು ವಿದ್ಯೆ.

ಈ ಕೆಲಸ ಪೂರ್ತಿ ತಾರೀಕಿನ ಮೇಲೆ ನಡೆಯುತ್ತದೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್, ಜಿಎಸ್‌ಟಿಆರ್-3ಬಿ. ಆಗ ರಾತ್ರಿ ಒಂಬತ್ತಾದರೂ ಆಯಿತು. ಜುಲೈ ಬಂದರೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಗಲಾಟೆ. ಆದರೆ 21ರಿಂದ ತಿಂಗಳ ಕೊನೆವರೆಗೆ ಸಾಮಾನ್ಯವಾಗಿ ಆರಕ್ಕೆಲ್ಲ ಮನೆ. ನಾನು ಓದಿದ್ದು ಆ ಸಂಜೆಗಳಲ್ಲಿ, ಮತ್ತೆ ದಿನಾ ಬೆಳಗ್ಗೆ ಎರಡು ಗಂಟೆ. ಸಪ್ತಾಪುರದಲ್ಲಿ ದಿನವಿಡೀ ಕೂತಿದ್ದಕ್ಕಿಂತ ಜಾಸ್ತಿ ತಲೆಗೆ ಹತ್ತಿತು. ಪಾಸಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ರಿಸಲ್ಟ್ ಬಂದ ಮರುದಿನ ಎದ್ದು ಹೋಗೋಕೆ ಒಂದು ಆಫೀಸಿತ್ತು. ನಾನಾದರೆ ಹತ್ತು ಸಾವಿರದ ಕೆಲಸ ಹಿಡಿಯುತ್ತಿದ್ದೆ.

ಉತ್ತರ 2: ಅಣ್ಣ ಹೇಳಿದ್ದು ಎಫ್‌ಡಿಎಗೆ ಸರಿ, ಬ್ಯಾಂಕಿನ ಕಥೆ ಸ್ವಲ್ಪ ಬೇರೆ. ಸರ್ಕಾರಿ ಬ್ಯಾಂಕುಗಳಿಗೆ ಜನರನ್ನು ಆರಿಸುವ ಐಬಿಪಿಎಸ್ ಪರೀಕ್ಷೆ ವರ್ಷವರ್ಷ ನಡೆಯುತ್ತದೆ, ಹಾಗಾಗಿ ಇಷ್ಟೇ ದಿನ ಅಂತ ಗೆರೆ ಎಳೆದು ಓದಬಹುದು. ಆದರೆ ಕ್ಲರ್ಕ್ ಹುದ್ದೆಗೆ ಜನರಲ್‌ನವರಿಗೆ ವಯಸ್ಸು 28ರವರೆಗೆ ಮಾತ್ರ. ಒಬಿಸಿಗೆ ಮೂರು, ಎಸ್‌ಸಿ, ಎಸ್‌ಟಿಗೆ ಐದು ವರ್ಷ ಸಡಿಲ. ಇಂಗ್ಲಿಷ್ ಭಾಗ ಬಿಟ್ಟು ಉಳಿದದ್ದನ್ನು ಕನ್ನಡದಲ್ಲೂ ಬರೆಯಬಹುದು. ಮೊದಲ ಹಂತದ ಪ್ರಿಲಿಮ್ಸ್‌ನಲ್ಲಿ ಒಂದು ಗಂಟೆಗೆ 100 ಪ್ರಶ್ನೆ. ಲೆಕ್ಕ ಬಂದರೆ ಸಾಲದು, ಕೈ ಓಡಬೇಕು. ನಾನು ಕೋಚಿಂಗಿಗೆ ಹೋಗಲಿಲ್ಲ. ದಿನಾ ಒಂದು ಮಾಕ್ ಟೆಸ್ಟ್, ಅಷ್ಟೇ. ಎರಡನೇ ಸಲ ಆಯಿತು.

ಉತ್ತರ 1: ಅಕ್ಕ ಹೇಳಿದ ಮೇಲೆ ಒಂದು ನೆನಪಾಯಿತು. ಸೇರುವ ಮುಂಚೆ ಆಡಿಟರ್ ಹತ್ತಿರ ಬಾಯಿಬಿಟ್ಟು ಕೇಳು, ಪರೀಕ್ಷೆ ದಿನ ರಜೆ ಕೊಡುತ್ತೀರಾ ಅಂತ. ನಮ್ಮವರು ಕೊಡುತ್ತಿದ್ದರು. 19ನೇ ತಾರೀಕು ಬಿದ್ದರೆ ಮಾತ್ರ ಮುಖ ಸಿಂಡರಿಸುತ್ತಿದ್ದರು.