ರುಬಿಡಿಯಂ ಗಡಿಯಾರ ಲಾಕ್ ಆಗುತ್ತಿಲ್ಲ: ಮಂಕಾದ ದೀಪವನ್ನು ಸರಿಪಡಿಸಬಹುದೇ?

ಪ್ರಶ್ನೆ
ದೂರಸಂಪರ್ಕ ಉಪಕರಣದಿಂದ ಕಳಚಿದ ಹಳೆಯ ರುಬಿಡಿಯಂ ಗಡಿಯಾರವೊಂದು (ರುಬಿಡಿಯಂ ಪರಮಾಣುಗಳ ಆಧಾರದಲ್ಲಿ ನಿಖರ ಆವರ್ತನ ಕೊಡುವ ಸಾಧನ) ನನ್ನಲ್ಲಿದೆ. ಮೊದಲೆಲ್ಲ ಕೆಲವೇ ನಿಮಿಷಗಳಲ್ಲಿ ಲಾಕ್ ಆಗುತ್ತಿತ್ತು, ಅಂದರೆ ಪರಮಾಣುವಿನ ಆವರ್ತನಕ್ಕೆ ಕೂಡಿಕೊಂಡು ಸ್ಥಿರವಾಗುತ್ತಿತ್ತು. ಈಗ ಗಂಟೆಗಟ್ಟಲೆ ಕಾದರೂ ಆಗುವುದಿಲ್ಲ. 10 ಮೆಗಾಹರ್ಟ್ಸ್ ಔಟ್‌ಪುಟ್ ಬರುತ್ತಿದೆಯಾದರೂ ಅದರ ಆವರ್ತನ ಒಂದೇ ಸಮನೆ ಮೇಲಕ್ಕೂ ಕೆಳಕ್ಕೂ ಓಲಾಡುತ್ತಿದೆ. ಒಳಗಿನ ರುಬಿಡಿಯಂ ದೀಪದ ಬೆಳಕನ್ನು ಸೂಚಿಸುವ ಪಿನ್ನಿನ ವೋಲ್ಟೇಜ್ ಕ್ರಮೇಣ ಇಳಿಯುತ್ತಾ ಬಂದಿದೆ. ದೀಪದೊಳಗಿನ ರುಬಿಡಿಯಂ ಮುಗಿದಿದೆ ಎಂದುಕೊಂಡು ಕೈಬಿಡಬೇಕೇ?

ಉತ್ತರ 1
ಆ ಓಲಾಟವೆಂದರೆ ಔಟ್‌ಪುಟ್ ಆವರ್ತನವನ್ನು ಹುಟ್ಟಿಸುವ ಒಳಗಿನ ಕ್ರಿಸ್ಟಲ್ ಆಸಿಲೇಟರ್ ಲಾಕ್ ಆಗುವ ಬಿಂದುವನ್ನು ಹುಡುಕುತ್ತಿದೆ ಎಂದರ್ಥ. ಅದರಿಂದ ತಯಾರಾಗುವ ಮೈಕ್ರೋವೇವ್ ಆವರ್ತನವು ರುಬಿಡಿಯಂ ಪರಮಾಣುವಿನದೇ ಆದ ಸುಮಾರು 6.8347 ಗಿಗಾಹರ್ಟ್ಸ್‌ಗೆ ಸರಿಯಾಗಿ ಕೂಡಿದಾಗ ದೀಪದಿಂದ ರುಬಿಡಿಯಂ ಆವಿಯ ಮೂಲಕ ಫೋಟೋಡಿಟೆಕ್ಟರ್ (ಬೆಳಕನ್ನು ಅಳೆಯುವ ಭಾಗ) ತಲುಪುವ ಬೆಳಕು ಅತ್ಯಲ್ಪ ಪ್ರಮಾಣದಲ್ಲಿ ತಗ್ಗುತ್ತದೆ. ಬೆಳಕೇ ಕ್ಷೀಣವಾಗಿದ್ದರೆ ಆ ತಗ್ಗು ವಿದ್ಯುತ್ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆದರೂ ದೀಪವನ್ನು ಮುಟ್ಟುವ ಮೊದಲು ಪೂರೈಕೆ ವೋಲ್ಟೇಜ್, ದೀಪದ ಹೀಟರ್ ಮತ್ತು ದೀಪಕ್ಕೆ ರೇಡಿಯೋ ಶಕ್ತಿ ಕೊಡುವ ಆಸಿಲೇಟರಿನ ಟ್ರಾನ್ಸಿಸ್ಟರ್, ಕೆಪಾಸಿಟರ್‌ಗಳನ್ನು ಪರೀಕ್ಷಿಸಿ. ದುರ್ಬಲಗೊಂಡ ಟ್ರಾನ್ಸಿಸ್ಟರ್ ಕೂಡ ಇದೇ ಲಕ್ಷಣಗಳನ್ನು ತೋರಿಸಬಲ್ಲದು.

ಉತ್ತರ 2
ಮೇಲಿನವೆಲ್ಲ ಸರಿಯಿದ್ದರೆ ದೀಪದ ಸರದಿ. ನನ್ನ ಅನುಭವದಲ್ಲಿ ರುಬಿಡಿಯಂ ಪೂರ್ತಿ ಮುಗಿದಿರುವುದಕ್ಕಿಂತ ಇರಬಾರದ ಜಾಗದಲ್ಲಿ ಕುಳಿತಿರುವುದೇ ಹೆಚ್ಚು. ವರ್ಷಗಟ್ಟಲೆ ಉರಿದ ದೀಪದಲ್ಲಿ ಲೋಹವು ಗಾಜಿನ ಒಳಮೈಗೆ ಬೆಳ್ಳಿಯಂತೆ ಹೊಳೆಯುವ ಪೊರೆಯಾಗಿ ಅಂಟಿಕೊಂಡು, ಬೆಳಕನ್ನು ತಡೆಯುವುದಲ್ಲದೆ ರೇಡಿಯೋ ಶಕ್ತಿಯನ್ನೂ ಕಬಳಿಸುತ್ತದೆ. ಗಡಿಯಾರವನ್ನು ಆರಿಸಿ, ಪೂರ್ತಿ ತಣಿದ ಮೇಲೆ ದೀಪವನ್ನು ಹೊರತೆಗೆದು, ಸುರಕ್ಷಾ ಕನ್ನಡಕ ಧರಿಸಿ, ಬೆಳಕು ಹೊರಬರುವ ಮುಖಕ್ಕೆ ಬಿಸಿಗಾಳಿಯ ಗನ್ನಿನಿಂದ ನಿಧಾನವಾಗಿ ಶಾಖ ಕೊಡಿ. ಹಿಂಬದಿ ಮಾತ್ರ ತಂಪಾಗಿರಲಿ. ರುಬಿಡಿಯಂ ಸುಮಾರು 39 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆಯಾದರೂ ಅದನ್ನು ಆವಿಯಾಗಿಸಿ ತಂಪಾದ ತುದಿಗೆ ಓಡಿಸಲು ಅದಕ್ಕಿಂತ ಎಷ್ಟೋ ಹೆಚ್ಚಿನ ಶಾಖ ಬೇಕು. ಪೊರೆ ತೆಳುವಾಗುತ್ತಾ ಹೋಗಿ, ಹಿಂಬದಿಯಲ್ಲಿ ಸಣ್ಣ ಹನಿಗಳು ಕಾಣಿಸಿಕೊಂಡರೆ ಕೆಲಸ ಆಯಿತೆಂದು ತಿಳಿಯಿರಿ. ತಕ್ಷಣ ತಣಿಸಲು ಹೋದರೆ ಗಾಜು ಬಿರಿಯುತ್ತದೆ, ಮತ್ತು ಒಡೆದ ದೀಪದ ರುಬಿಡಿಯಂ ಗಾಳಿ ಸೋಕಿದರೇ ಹೊತ್ತಿಕೊಳ್ಳಬಹುದು; ನೀರು ತಗುಲಿದರಂತೂ ಉಗ್ರವಾಗಿ ಪ್ರತಿಕ್ರಿಯಿಸುತ್ತದೆ, ಆದ್ದರಿಂದ ಹತ್ತಿರದಲ್ಲಿ ನೀರು ಇರಕೂಡದು.

ಪ್ರಶ್ನೆ ಕೇಳಿದವರು
ಮುಖದ ಮೇಲೆ ನೀವು ಹೇಳಿದ ಪೊರೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಿಸಿ ಮಾಡಿದ ಬಳಿಕ ದೀಪದ ಬೆಳಕು ನೇರಳೆ ಛಾಯೆಗೆ ತಿರುಗಿ, ಲಾಕ್ ಕೂಡ ಆಯಿತು. ಇದು ಎಷ್ಟು ಕಾಲ ಉಳಿಯುತ್ತದೆ?

ಉತ್ತರ 3
ಅದನ್ನು ಮೊದಲೇ ಹೇಳಲು ಬರುವುದಿಲ್ಲ. ಗಾಜಿನೊಳಕ್ಕೆ ಇಂಗಿಹೋದ ರುಬಿಡಿಯಂ ಶಾಖದಿಂದ ಮರಳಿ ಬರುವುದಿಲ್ಲವಾದ್ದರಿಂದ ಪಿನ್ನಿನ ವೋಲ್ಟೇಜನ್ನು ಬರೆದಿಡುತ್ತಾ ಬನ್ನಿ. ಇನ್ನೊಂದು ಮುಖ್ಯ ವಿಷಯ: ದೀಪದ ಬೆಳಕು ಬದಲಾದರೆ ಪರಮಾಣುವಿನ ಆವರ್ತನವೂ ಸ್ವಲ್ಪ ಸರಿಯುತ್ತದೆ. ಹೀಗಾಗಿ ಲಾಕ್ ಆದ ಮಾತ್ರಕ್ಕೆ ಹಳೆಯ ಹೊಂದಾಣಿಕೆಯನ್ನೇ (ಕ್ಯಾಲಿಬ್ರೇಷನ್) ನಂಬದೆ, ಕೆಲವು ದಿನ ಬಿಡದೆ ಓಡಿಸಿ, ಜಿಪಿಎಸ್‌ನ ಪ್ರತಿ ಸೆಕೆಂಡಿಗೊಮ್ಮೆ ಬರುವ ಪಲ್ಸ್‌ನೊಂದಿಗೆ ಹೋಲಿಸಿ ಆವರ್ತನವನ್ನು ಹೊಸದಾಗಿ ಹೊಂದಿಸಿ.