ಸಹಾಯ ಬೇಕು: ಎರಡು ಚೈನ್, ಎರಡು ಕ್ಯಾಸೆಟ್, ಓಡೋಮೀಟರ್ ಮಾತ್ರ ಒಂದೇ
ಸೈಕಲ್ ಒಂದೇ, ಹಿಂದಿನ ಚಕ್ರ ಎರಡು. ಒಂದೊಂದಕ್ಕೂ ಬೇರೆ 11 ಸ್ಪೀಡ್ ಕ್ಯಾಸೆಟ್ (ಹಿಂದಿನ ಚಕ್ರದ ಗೇರಿನ ಹಲ್ಲುಚಕ್ರಗಳ ಗೊಂಚಲು). ಚೈನ್ ಕೂಡ ಎರಡು, ಸರದಿ ಮೇಲೆ ಹಾಕೋದು. ಪ್ರತಿ ಭಾಗ ಹಾಕಿದಾಗ, ತೆಗೆದಾಗ ಓಡೋಮೀಟರ್ ರೀಡಿಂಗ್ ಬರೆದು, ವ್ಯತ್ಯಾಸ ಕೂಡಿಸೋ ಸ್ಪ್ರೆಡ್‌ಶೀಟ್ ಇದೆ. ಒಂದು ಸಲ ಬರೆಯೋದು ಬಿಟ್ಟುಹೋದರೆ ಎರಡು ಭಾಗಗಳ ಲೆಕ್ಕವೂ ಕೆಡುತ್ತೆ.

ಚೈನ್ ಬಗ್ಗೆ ಚಿಂತೆಯಿಲ್ಲ. ಸವೆತ ಅಳೆಯೋ ಗೇಜ್ ಚೈನ್ 0.5% ಉದ್ದವಾಗಿದೆ ಅಂತ ತೋರಿಸಿದರೆ ಬದಲಿಸಿದರಾಯ್ತು, ಕಿಲೋಮೀಟರ್ ಎಷ್ಟಾದರೂ ಇರಲಿ. ತೊಂದರೆ ಕ್ಯಾಸೆಟ್‌ನದು: ಹೊಸ ಚೈನ್ ಹಾಕಿ ಜೋರಾಗಿ ತುಳಿದಾಗ ಜಾರಿದರೇನೇ ಹಲ್ಲು ಸವೆದಿದ್ದು ಗೊತ್ತಾಗೋದು, ಅದೂ ಹೆಚ್ಚು ಬಳಸೋ ಒಂದೆರಡು ಗೇರಲ್ಲಿ.

ಒಂದೇ ಕ್ಯಾಸೆಟ್ ಮೇಲೆ ಎರಡೂ ಚೈನ್ ಓಡಿದ ದೂರವನ್ನು ಬೇರೆ ಬೇರೆ ದಾಖಲಿಸೋದು ಹೇಗೆ? ಮಳೆ, ಕೆಸರಿನ ಕಿಲೋಮೀಟರ್‌ಗೆ ಪ್ರತ್ಯೇಕ ಕಾಲಂ ಇಟ್ಟಿದ್ದೀರಾ? ಶೀಟ್ ಮಾದರಿ ಇದ್ದರೆ ದಯವಿಟ್ಟು ಹಾಕಿ.