ಎಂಐ-26ಕ್ಕೆ ಬಿಡಿಭಾಗ ಸಿಗುವುದು ಯಾಕಿಷ್ಟು ಕಷ್ಟ?

ಹ್ಯಾಂಗರ್‌ಹುಡುಗ:
ನಮ್ಮ ವಾಯುಪಡೆ 1986ರಿಂದ ತರಿಸಿಕೊಂಡ ನಾಲ್ಕು ಎಂಐ-26 ಹೆಲಿಕಾಪ್ಟರ್ ಚಂಡೀಗಢದಲ್ಲಿದ್ದವು. ಒಂದೊಂದೂ 20 ಟನ್ ಹೊರುವ ಯಂತ್ರ. ಬುಲ್ಡೋಜರನ್ನೇ ಹೊಟ್ಟೆಯೊಳಗೆ ಹಾಕಿಕೊಂಡು ಬೆಟ್ಟ ಹತ್ತಿಸುತ್ತಿದ್ದವು. 2010ರಲ್ಲಿ ಒಂದು ಜಮ್ಮುವಿನಲ್ಲಿ ಬಿತ್ತು, ಉಳಿದವು ಆಮೇಲಾಮೇಲೆ ಹಾರಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. ಕೇಳಿದರೆ ಎಲ್ಲರೂ ಸ್ಪೇರ್ ಇಲ್ಲ ಅಂತಾರೆ. ರಷ್ಯಾದಲ್ಲಿ ಕಾರ್ಖಾನೆ ಇದೆಯಲ್ಲ, ತರಿಸಿದರೆ ಆಯ್ತಲ್ವಾ? ಇಲ್ಲಾ ಬೆಂಗಳೂರಲ್ಲೇ ಮಾಡಿಸಬಾರದಾ?

ಹಳೇಸ್ಪ್ಯಾನರ್:
ಹೆಲಿಕಾಪ್ಟರ್ ಕಟ್ಟೋದು ರಷ್ಯಾದ ರೊಸ್ತೊವ್‌ನಲ್ಲಿ, ನಿಜ. ಆದರೆ ಅದರ ಎರಡು ಡಿ-136 ಎಂಜಿನ್ ಬರೋದು ಉಕ್ರೇನಿನ ಝಪೊರಿಝಿಯಾದಿಂದ. ಸೋವಿಯತ್ ಕಾಲದಲ್ಲಿ ಎರಡೂ ಒಂದೇ ಮನೆಯ ಎರಡು ಕೋಣೆ. 1991ಕ್ಕೆ ಮನೆ ಒಡೆಯಿತು, 2014ರಿಂದ ಮಾತೂ ನಿಂತಿತು. ಈಗ ಗೇರ್‌ಬಾಕ್ಸಿಗೆ ಒಂದು ಬಾಗಿಲು ತಟ್ಟಬೇಕು, ಎಂಜಿನ್ನಿಗೆ ಇನ್ನೊಂದು.

ಅದೂ ಎಂಥಾ ಗೇರ್‌ಬಾಕ್ಸ್! ಮಿಲ್ ಸಂಸ್ಥೆ ಕಟ್ಟಿದ ವಿನ್ಯಾಸಗಾರ ಮಿಖಾಯಿಲ್ ಮಿಲ್ 1970ರಲ್ಲಿ ತೀರಿಕೊಂಡ ಮೇಲೆ, ಅಲ್ಲಿನ ಮರಾತ್ ತಿಶ್ಚೆಂಕೊ ತಂಡ ಈ ಹೆಲಿಕಾಪ್ಟರನ್ನು ಕೈಗೆತ್ತಿಕೊಂಡಿತು. 11 ಸಾವಿರ ಅಶ್ವಶಕ್ತಿ ದಾಟುವ ಎಂಜಿನ್ ಎರಡು, ಎರಡರ ಬಲವನ್ನೂ ಮೇಲಿನ ರೋಟರ್, ಅಂದರೆ ತಿರುಗುವ ರೆಕ್ಕೆಗಳ ಒಂದೇ ಕಂಬಕ್ಕೆ ಕೊಡಬೇಕು. ಆ ರೋಟರ್ ತಿರುಗೋದು ನಿಮಿಷಕ್ಕೆ ಬರೀ 132 ಸುತ್ತು. ಗೇರ್‌ಬಾಕ್ಸ್ ಎಂಜಿನ್ ವೇಗ ಇಳಿಸಿದಷ್ಟೂ ಅದರ ಹಲ್ಲುಗಳ ಮೇಲೆ ಬೀಳುವ ತಿರುಚು ಜಾಸ್ತಿ. ಕೊನೆಗೆ ಮಿಲ್ ಸಂಸ್ಥೆಯವರೇ ಕೂತು ಗೇರ್‌ಬಾಕ್ಸ್ ವಿನ್ಯಾಸ ಮಾಡಿದರು. 1977ರ ಡಿಸೆಂಬರಿನಲ್ಲಿ ಹೆಲಿಕಾಪ್ಟರ್ ಮೊದಲ ಸಲ ಹಾರಿತು. ಎಂಟು ಬ್ಲೇಡ್, 32 ಮೀಟರ್ ವ್ಯಾಸ. ಬಾಲದ ಪುಟ್ಟ ರೋಟರೇ 7.6 ಮೀಟರ್, ಪುಟ್ಟ ಅನ್ನೋದು ಸುಮ್ನೆ ಮಾತಿಗೆ.

ಲೇತ್‌ಮೇಷ್ಟ್ರು:
ಬೆಂಗಳೂರಲ್ಲಿ ಮಾಡಿಸೋದರ ಬಗ್ಗೆ ನಾನು ಹೇಳ್ತೀನಿ, ಪೀಣ್ಯದಲ್ಲಿ ವಿಮಾನದ ಭಾಗ ಕೊರೆಯೋದೇ ನನ್ನ ಕೆಲಸ. ಹಳೇ ಗೇರ್ ನೋಡಿ ಅಳತೆ ತೆಗೆದು ಅದೇ ಆಕಾರ ಕೊರೆಯೋದು ದೊಡ್ಡ ಮಾತಲ್ಲ. ಯಾವ ಉಕ್ಕು, ಎಷ್ಟು ಹೊತ್ತು ಕಾಯಿಸಿದರು, ಹಲ್ಲಿನ ಮೈ ಎಷ್ಟು ಆಳ ಗಟ್ಟಿಯಾಗಿದೆ ಅನ್ನೋದು ಅಳತೆ ಪಟ್ಟಿಗೆ ಸಿಗಲ್ಲ. ಹೋದ ವರ್ಷ ಒಂದು ಲಾಟಿನ ಸರ್ಟಿಫಿಕೇಟಿನಲ್ಲಿ ಹೀಟ್ ನಂಬರ್, ಅಂದರೆ ಉಕ್ಕು ಯಾವ ಎರಕದ್ದು ಅಂತ ಹೇಳುವ ಸಂಖ್ಯೆ, ಬಿಟ್ಟುಹೋಗಿತ್ತು. ಭಾಗಗಳು ಥಳಥಳ ಅಂತಿದ್ದವು, ಅಳತೆಯೂ ಸರಿ. ಆದರೂ ಕೆಂಪು ಟ್ಯಾಗ್ ಕಟ್ಟಿ ಮೂಲೆಗಿಟ್ಟೆವು. ಇನ್ನು ಉಳಿದ ಮೂರೇ ಮೂರು ಹೆಲಿಕಾಪ್ಟರಿಗೆ ಅಂತ ಫಿಕ್ಸ್ಚರ್ (ಕೊರೆಯುವಾಗ ಭಾಗವನ್ನು ಹಿಡಿದಿಡುವ ಚೌಕಟ್ಟು) ಮಾಡಿ ಪರೀಕ್ಷೆ ನಡೆಸೋಕೆ ದುಡ್ಡು ಹಾಕೋರು ಯಾರು?

ನಮ್ಮ ವಾಯುಪಡೆಯಲ್ಲಿರುವ ಅಮೆರಿಕದ ಚಿನೂಕ್ ಹೆಲಿಕಾಪ್ಟರಿನ ಕಥೆ ಬೇರೆ. 1961ರಲ್ಲಿ ಮೊದಲು ಹಾರಿದ್ದು ಇನ್ನೂ ತಯಾರಾಗ್ತಿದೆ, ಸಾವಿರಕ್ಕೂ ಮೇಲೆ ಕಟ್ಟಿದ್ದಾರೆ. ಅದಕ್ಕೇ ಇಲ್ಲಿನ ಡೈನಮ್ಯಾಟಿಕ್ ಕಂಪನಿಯವರು ಅದರ ಹಿಂದಿನ ಪೈಲಾನ್ (ಹಿಂದಿನ ರೋಟರನ್ನು ಹೊರುವ ಗೋಪುರ), ಸಾಮಾನು ಹತ್ತಿಸುವ ರ‍್ಯಾಂಪ್ ಎರಡನ್ನೂ ಮಾಡೋಕೆ ಗಿಟ್ಟಿದ್ದು.

ಗಾಳಿಮಾತು:
ಚಿನೂಕ್‌ನ ತುಂಬಾ ಹೊಗಳಬೇಡಿ ಮೇಷ್ಟ್ರೇ. 2022ರ ಆಗಸ್ಟಿನಲ್ಲಿ ಎಂಜಿನ್ನಿಗೆ ಬೆಂಕಿ ಹತ್ತುತ್ತಿದೆ ಅಂತ ಅಮೆರಿಕ ಸೇನೆ ತನ್ನೆಲ್ಲಾ ಚಿನೂಕ್ ನಿಲ್ಲಿಸಿತ್ತು. ಕಾರಣ, ವಿನ್ಯಾಸಕ್ಕೆ ಹೊಂದದ ಓ-ರಿಂಗ್. ನಲ್ಲಿ ವಾಷರ್‌ನಂಥ ರಬ್ಬರ್ ಬಳೆ!

ಲೇತ್‌ಮೇಷ್ಟ್ರು:
ಅದನ್ನೇ ನಾನೂ ಹೇಳಿದ್ದು ಮಾರಾಯ್ರೇ. ಆಕಾರ ಸರಿ ಇದ್ದರೆ ಸಾಲದು.

ಹ್ಯಾಂಗರ್‌ಹುಡುಗ:
ಹಾಗಾದ್ರೆ ನಮ್ಮ ಚಿನೂಕ್‌ನ ರ‍್ಯಾಂಪ್ ಕೆಟ್ಟರೆ ಬೆಂಗಳೂರಿಗೆ ಒಂದು ಫೋನ್ ಹಾಕಿದರೆ ಸಾಕಾ?

ಹಳೇಸ್ಪ್ಯಾನರ್:
ಇಲ್ಲ ಮರಿ. ಇಲ್ಲಿ ಮಾಡಿದ್ದು ಫಿಲಡೆಲ್ಫಿಯಾ ಪಕ್ಕದ ಬೋಯಿಂಗ್ ಕಾರ್ಖಾನೆಗೆ ಹೋಗುತ್ತೆ, ಜೋಡಣೆ ಅಲ್ಲೇ. ಫೋನನ್ನೂ ಅಲ್ಲಿಗೇ ಹಾಕಬೇಕು.